ಕೀಲಿಕೈ ಕೊಡುವ ಮುನ್ನ

ಎಳೆಯ ವಯಸ್ಸಿನ ಮಗನನ್ನು ರಸ್ತೆ ಅಪಘಾತದಲ್ಲಿ ಕಳೆದುಕೊಂಡ ಮನೆಗೆ ಸಾಂತ್ವನ ಹೇಳಲು ಹೋದವರ ಬಾಯಲ್ಲಿ ಮೊದಲು ಬರುವ ಮಾತು ಸಾಮಾನ್ಯವಾಗಿ ಒಂದೇ: ‘ಅವನ ಆಯುಷ್ಯವೇ ಅಷ್ಟಿತ್ತು.’ ಹೇಳುವವರ ಮನಸ್ಸು ಒಳ್ಳೆಯದು. ಹೆತ್ತವರ ಎದೆಯ ಉರಿಯನ್ನು ಒಂದು ಗಳಿಗೆಯಾದರೂ ತಣಿಸಲೆಂದು ಅವರು ಆಡುವ ಮಾತು ಅದು. ಆದರೆ ಕರ್ಮಸಿದ್ಧಾಂತದ ಹೆಸರಿನಲ್ಲಿ ಆ ಮಾತು ಬಂದಾಗ, ಜಿನಾಗಮವನ್ನು ಬಲ್ಲವರು ಅದನ್ನು ಹಾಗೆಯೇ ಒಪ್ಪುವಂತಿಲ್ಲ. ಏಕೆಂದರೆ ಜೈನ ದರ್ಶನ ಎಲ್ಲ ಮರಣಗಳನ್ನೂ ಕಾಲಮರಣವೆಂದು ಹೇಳಿಲ್ಲ.

ಎಂಟು ಮೂಲಕರ್ಮಗಳಲ್ಲಿ ಆಯುಕರ್ಮವೂ ಒಂದು. ಜೀವವು ಒಂದು ಶರೀರದಲ್ಲಿ ಎಷ್ಟು ಕಾಲ ಇರಬೇಕೆಂಬುದಕ್ಕೆ ಅದೇ ಆಧಾರ. ದೇವತೆಗಳು, ನಾರಕಿಗಳು, ಭೋಗಭೂಮಿಯ ಜೀವಿಗಳು ಹಾಗೂ ಅದೇ ಭವದಲ್ಲಿ ಮೋಕ್ಷ ಹೊಂದುವ ಚರಮಶರೀರಿಗಳ ಆಯುಷ್ಯ ನಡುವೆ ತುಂಡಾಗುವುದಿಲ್ಲವೆಂದು ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯ ಹೇಳಿ ಮುಗಿಯುತ್ತದೆ. ಉಳಿದವರ ಆಯುಷ್ಯ ಹೊರಗಿನ ಕಾರಣಗಳಿಂದ ಅವಧಿಗೆ ಮೊದಲೇ ಕುಗ್ಗಬಹುದು ಎಂಬುದೇ ಅದರ ಇನ್ನೊಂದು ಮುಖ. ಈ ಕುಗ್ಗುವಿಕೆಗೆ ಅಪವರ್ತನ ಎಂದು ಹೆಸರು. ವಿಷ, ತೀವ್ರ ವೇದನೆ, ರಕ್ತಸ್ರಾವ, ಭಯ, ಆಯುಧದ ಪೆಟ್ಟು, ಉಸಿರುಗಟ್ಟುವಿಕೆ ಮುಂತಾದವುಗಳಿಂದ ಬರುವ ಇಂತಹ ಸಾವನ್ನು ಆಚಾರ್ಯರು ‘ಕದಲೀಘಾತ ಮರಣ’ ಎಂದು ಕರೆದರು. ಕದಲೀ ಎಂದರೆ ಬಾಳೆ. ಮಲೆನಾಡಿನ ತೋಟದವರಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ: ಗೊನೆ ಬಿಡುವ ಮೊದಲೇ ಕತ್ತಿಯ ಒಂದೇ ಏಟಿಗೆ ಉರುಳಿದ ಬಾಳೆಯ ದಿಂಡನ್ನು ಅವರೆಲ್ಲ ಕಂಡಿದ್ದಾರೆ. ಆ ಗಿಡದ ಕಾಲ ಮುಗಿದಿರಲಿಲ್ಲ. ಅದನ್ನು ಕಡಿಯಲಾಯಿತು, ಅಷ್ಟೇ.

ಹಿಂದಿನ ಕರ್ಮದ ಉದಯವೂ ಅಲ್ಲಿ ಇರುತ್ತದೆ ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ನಿಮಿತ್ತವನ್ನು ತಪ್ಪಿಸುವ ಪುರುಷಾರ್ಥ ಮನುಷ್ಯನ ಕೈಯಲ್ಲಿಯೇ ಇದೆ. ಇಲ್ಲವಾದರೆ ಚಿಕಿತ್ಸೆಗೆ ಅರ್ಥವಿರದು, ಔಷಧದಾನ ಅಭಯದಾನಗಳನ್ನು ಶ್ರಾವಕನ ಕರ್ತವ್ಯವೆಂದು ಬೋಧಿಸುವುದಕ್ಕೂ ಅರ್ಥವಿರದು. ಆದ್ದರಿಂದ ಹದಿನೇಳು ಹದಿನೆಂಟರ ಹುಡುಗನ ಸಾವನ್ನು ಆಯುಷ್ಯದ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುವುದು ಧರ್ಮಶ್ರದ್ಧೆಯಾಗುವುದಿಲ್ಲ. ಅದರಿಂದ ಆಗುವ ಕೇಡು ಒಂದೇ: ನಿಮಿತ್ತ ಯಾವುದು, ಅದನ್ನು ಒದಗಿಸಿದವರು ಯಾರು ಎಂಬ ಪ್ರಶ್ನೆ ಅಲ್ಲಿಗೇ ಮುಚ್ಚಿಹೋಗುತ್ತದೆ.

ತುಂಗೆಯ ದಡದ ಶಿವಮೊಗ್ಗಕ್ಕೂ ಭದ್ರೆಯ ದಡದ ಭದ್ರಾವತಿಗೂ ನಡುವೆ ಇಪ್ಪತ್ತು ಕಿಲೋಮೀಟರಿನಷ್ಟು ದೂರ. ಬೆಂಗಳೂರು–ಹೊನ್ನಾವರ ಹೆದ್ದಾರಿಯೇ ಎರಡೂ ಊರುಗಳ ಮುಖ್ಯ ಬೀದಿ. ಇಂದಿಗೂ ಜನ ಅದನ್ನು ಬಿ.ಎಚ್. ರಸ್ತೆ ಎಂದೇ ಕರೆಯುತ್ತಾರೆ. ಮಲವಗೊಪ್ಪ, ನಿದಿಗೆ, ಮಾಚೇನಹಳ್ಳಿಗಳನ್ನು ದಾಟಿ ಹೋಗುವ ಈ ದಾರಿಯಲ್ಲಿ ಕೈಗಾರಿಕಾ ಪ್ರದೇಶದ ಕಾರ್ಮಿಕರು, ಹಾಲಿನ ವಾಹನಗಳು, ಖಾಸಗಿ ಬಸ್ಸುಗಳು, ಅದಿರು ಸಿಮೆಂಟುಗಳ ಲಾರಿಗಳು, ಕಬ್ಬು ಹುಲ್ಲು ಹೇರಿದ ಟ್ರ್ಯಾಕ್ಟರುಗಳು ಒಟ್ಟಿಗೇ ಸಾಗುತ್ತವೆ. ಅವುಗಳ ನಡುವೆ ಕಾಲೇಜಿನ ಚೀಲ ಬೆನ್ನಿಗೇರಿಸಿಕೊಂಡ ಹುಡುಗ ಹುಡುಗಿಯರು. ಶಂಕರಘಟ್ಟದ ವಿಶ್ವವಿದ್ಯಾಲಯಕ್ಕೆ, ಸವಳಂಗ ರಸ್ತೆಯ ಎಂಜಿನಿಯರಿಂಗ್ ಕಾಲೇಜಿಗೆ, ಟ್ಯೂಷನ್ನಿಗೆ ಹೊರಟವರು. ವಾಹನ ಕಲಿತು ಆರು ತಿಂಗಳೂ ಆಗದವರು ಅವರಲ್ಲಿ ಎಷ್ಟೋ. ಹದಿನೆಂಟು ತುಂಬದವರೂ ಇಲ್ಲದಿಲ್ಲ.

ದೇಶದ ಲೆಕ್ಕ ಗೊತ್ತಿರುವುದೇ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಮೂರನೇ ಎರಡರಷ್ಟು ಜನ 18ರಿಂದ 45 ವರ್ಷದೊಳಗಿನವರು. ಹೆಲ್ಮೆಟ್ ಧರಿಸದೆ ಸತ್ತವರೇ 50,029. ಹತ್ತರಲ್ಲಿ ಏಳು ಸಾವುಗಳಿಗೆ ಅತಿವೇಗ ಕಾರಣವೆಂದು ಆ ವರದಿ ದಾಖಲಿಸಿದೆ. ಈ ಅಂಕಿಗಳನ್ನು ಓದಿದ ಮೇಲೂ ಯಾರ ಮನೆಯಲ್ಲಿಯೂ ಏನೂ ಬದಲಾಗುವುದಿಲ್ಲ ಎಂಬುದೂ ಅಷ್ಟೇ ನಿಜ. ಲಕ್ಷದ ಲೆಕ್ಕ ಯಾರ ಮಗನ ಹೆಸರನ್ನೂ ಹೇಳುವುದಿಲ್ಲ.

ಜೈನಾಚಾರ್ಯರು ಹಿಂಸೆಯನ್ನು ವಿವೇಚಿಸಿದ ರೀತಿ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಒಂದು ಜೀವ ಸತ್ತಿತು ಎಂಬಷ್ಟಕ್ಕೇ ಅವರು ಹಿಂಸೆ ಎನ್ನಲಿಲ್ಲ. ಕೊಲ್ಲುವ ಉದ್ದೇಶ ಇತ್ತೇ ಎಂಬುದನ್ನೂ ಏಕೈಕ ಅಳತೆಯಾಗಿ ಇಟ್ಟುಕೊಳ್ಳಲಿಲ್ಲ. ಪ್ರಮತ್ತಯೋಗ, ಅಂದರೆ ಎಚ್ಚರ ತಪ್ಪಿದ ಮನ ವಚನ ಕಾಯಗಳ ಪ್ರವೃತ್ತಿಯಿಂದ ಪ್ರಾಣಕ್ಕೆ ಆಗುವ ಹಾನಿಯೇ ಹಿಂಸೆ ಎಂದು ತತ್ತ್ವಾರ್ಥಸೂತ್ರ ನಿರೂಪಿಸುತ್ತದೆ. ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ಇನ್ನೂ ಮುಂದೆ ಹೋಗಿ, ಎದುರಿನ ಜೀವ ಸಾಯಲಿ ಬದುಕಲಿ, ಅಜಾಗರೂಕನಿಗೆ ಹಿಂಸೆಯ ದೋಷ ನಿಶ್ಚಿತ ಎಂಬ ಅಭಿಪ್ರಾಯವನ್ನು ಇಟ್ಟರು. ಪೂಜ್ಯಪಾದರ ಸರ್ವಾರ್ಥಸಿದ್ಧಿಯಲ್ಲಿ ಬರುವ ವಿವರಣೆಯೂ ಇದೇ ದಾರಿಯದು: ಪ್ರಮಾದಿ ಮೊದಲು ಹಿಂಸಿಸುವುದು ತನ್ನನ್ನೇ, ಬೇರೆ ಜೀವಕ್ಕೆ ಪೆಟ್ಟು ಬೀಳುವುದೂ ಬೀಳದಿರುವುದೂ ಆಮೇಲಿನ ಮಾತು.

‘ಏನೂ ಆಗಲಿಲ್ಲವಲ್ಲ’ ಎನ್ನುವ ತರುಣರ ಮಾತನ್ನು ಈ ಬೆಳಕಿನಲ್ಲಿ ನೋಡಬೇಕು. ಎದುರಿನ ಬಸ್ಸಿಗೂ ಪಕ್ಕದ ಲಾರಿಗೂ ನಡುವೆ ನುಸುಳಿ ಬಂದವನು ಬದುಕಿ ಬಂದುದನ್ನು ಕೌಶಲವೆಂದು ಭಾವಿಸುತ್ತಾನೆ. ಪ್ರತಿ ಸಾರಿ ಪಾರಾದಾಗಲೂ ಆ ಭಾವನೆ ಬಲಿಯುತ್ತದೆ. ಆಚಾರ್ಯರ ಪ್ರಕಾರ ಆ ದಿನವೂ ಹಿಂಸೆ ನಡೆದಿದೆ. ರಕ್ತ ಕಾಣಲಿಲ್ಲ, ಅಷ್ಟೇ.

ಎಚ್ಚರದ ನಡೆಗೆ ಜೈನ ಪರಂಪರೆಯಲ್ಲಿರುವ ಹೆಸರು ಈರ್ಯಾಸಮಿತಿ. ಐದು ಸಮಿತಿಗಳಲ್ಲಿ ಮೊದಲನೆಯದು. ಹಗಲಿನ ಬೆಳಕಿನಲ್ಲಿ, ಮುಂದಿನ ನಾಲ್ಕು ಮೊಳದಷ್ಟು ನೆಲವನ್ನು ನೋಡುತ್ತ, ಬೇರೆ ಮಾತಿಲ್ಲದೆ ಮುನಿಗಳು ಹೆಜ್ಜೆ ಇಡುತ್ತಾರೆ. ನಾಲ್ಕು ಮೊಳವೆಂದರೆ ಸುಮಾರು ಆರು ಅಡಿ. ಸಾವಧಾನವಾಗಿ ನಡೆಯುವವರಿಗೆ ಆ ಆರು ಅಡಿಯನ್ನು ತಲುಪಲು ಒಂದೂವರೆ ಸೆಕೆಂಡು ಬೇಕು. ಇರುವೆಯನ್ನು ಕಾಣಲು, ಎತ್ತಿದ ಪಾದವನ್ನು ಅಲ್ಲಿಯೇ ತಡೆಯಲು ಅಷ್ಟು ಸಮಯ ಸಾಕು. ಇದೇ ಲೆಕ್ಕವನ್ನು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಬೈಕಿಗೆ ಹಾಕಿದರೆ ಏನಾಗುತ್ತದೆ? ಆ ಬೈಕು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗಿರುತ್ತದೆ; ಒಂದೂವರೆ ಸೆಕೆಂಡಿಗೆ 25 ಮೀಟರ್. ಅಡ್ಡ ಬಂದ ಹಸುವನ್ನು ಕಣ್ಣು ಕಂಡು, ಮನಸ್ಸು ಗ್ರಹಿಸಿ, ಬೆರಳು ಬ್ರೇಕನ್ನು ಹಿಡಿಯುವಷ್ಟರಲ್ಲಿ ಈ 25 ಮೀಟರ್ ಕಳೆದಿರುತ್ತದೆ. ಒಣ ರಸ್ತೆಯಲ್ಲಿಯೂ ಗಾಡಿ ಪೂರ್ತಿ ನಿಲ್ಲಲು ಮತ್ತೆ ಹೆಚ್ಚುಕಡಿಮೆ ಅಷ್ಟೇ ದೂರ ಬೇಕು. ವೇಗ ಇಮ್ಮಡಿಯಾದರೆ ಪೆಟ್ಟಿನ ಶಕ್ತಿ ನಾಲ್ಮಡಿ. ಮುನಿಯ ನಾಲ್ಕು ಮೊಳ ಬೈಕ್ ಸವಾರನಿಗೆ ಐವತ್ತು ಮೀಟರ್ ಆಗಿರುತ್ತದೆ. ಅಷ್ಟು ದೂರದ ನೆಲವನ್ನು ನೋಡಿ ಓದುವ ಕಣ್ಣು ಹುಟ್ಟಿನಿಂದ ಬರುವಂಥದಲ್ಲ. ಸಾವಿರಾರು ಕಿಲೋಮೀಟರ್‌ಗಳ ಅಭ್ಯಾಸದಿಂದ ಬರುವುದು. ಹೊಸಬರಲ್ಲಿ ಇಲ್ಲದಿರುವುದು ಇದೇ. ಕೈಕಾಲುಗಳ ಚುರುಕು ಅವರಿಗೆ ಹಿರಿಯರಿಗಿಂತ ಹೆಚ್ಚೇ ಇರುತ್ತದೆ. ನಿಂತ ಬಸ್ಸಿನ ಮುಂದಿನಿಂದ ಮಗು ಓಡಿ ಬರಬಹುದು, ಗದ್ದೆಯಿಂದ ಬಂದ ಟ್ರ್ಯಾಕ್ಟರ್ ತಿರುವಿನಲ್ಲಿ ಕೆಸರು ಚೆಲ್ಲಿ ಹೋಗಿರಬಹುದು ಎಂದು ಮೊದಲೇ ಊಹಿಸುವ ಬುದ್ಧಿ ಮಾತ್ರ ಇನ್ನೂ ಬೆಳೆದಿರುವುದಿಲ್ಲ. ಸಾರಿಗೆ ಕಚೇರಿಯ ಮೈದಾನದಲ್ಲಿ ಎಂಟರ ಆಕಾರ ಸುತ್ತಿ ತೋರಿಸಿದ ಮಾತ್ರಕ್ಕೆ ಅದು ಬರುವಂತಿಲ್ಲ.

ಪ್ರಮಾದಗಳು ಹದಿನೈದು ಎಂದು ಗ್ರಂಥಗಳು ಎಣಿಸಿವೆ: ನಾಲ್ಕು ವಿಕಥೆಗಳು, ನಾಲ್ಕು ಕಷಾಯಗಳು, ಐದು ಇಂದ್ರಿಯಗಳ ಸೆಳೆತ, ನಿದ್ರೆ ಮತ್ತು ಸ್ನೇಹ. ಮುನಿಗಳ ಗುಣಸ್ಥಾನವನ್ನು ವಿವರಿಸಲು ಹೇಳಿದ ಈ ಪಟ್ಟಿ ಇಂದಿನ ರಸ್ತೆಗೆ ಇಷ್ಟು ಹೊಂದಿಕೊಳ್ಳುತ್ತದೆಂದು ಅದನ್ನು ರಚಿಸಿದವರೂ ಊಹಿಸಿರಲಾರರು. ವಿಕಥೆ, ಅಂದರೆ ಕೆಲಸಕ್ಕೆ ಬಾರದ ಮಾತುಕತೆ, ಈಗ ಕಿವಿಗೂ ಹೆಲ್ಮೆಟ್ಟಿಗೂ ನಡುವೆ ಸಿಕ್ಕಿಸಿದ ಮೊಬೈಲಿನಲ್ಲಿದೆ. ಪರದೆಯ ಮೇಲೆ ಎರಡು ಸೆಕೆಂಡು ಕಣ್ಣು ಹಾಯಿಸಿದರೆ ಅರವತ್ತರ ವೇಗದಲ್ಲಿ 33 ಮೀಟರ್ ಕುರುಡಾಗಿ ಹೋದಂತೆ. ಕಷಾಯಗಳಲ್ಲಿ ಕ್ರೋಧಕ್ಕಿಂತ ಮಾನವೇ ತರುಣರಿಗೆ ಹೆಚ್ಚು ಅಪಾಯಕಾರಿ. ಗೋಪಿ ವೃತ್ತದಲ್ಲಿ ತನ್ನನ್ನು ಹಿಂದಿಕ್ಕಿದವನನ್ನು ಮುಂದಿನ ವೃತ್ತದೊಳಗೆ ಹಿಂದಿಕ್ಕಲೇಬೇಕು ಎನ್ನಿಸುವುದು ಕೋಪದಿಂದಲ್ಲ, ಹಿಂದೆ ಕುಳಿತ ಗೆಳೆಯನ ಎದುರಿಗೆ ಮಾನ ಹೋಯಿತೆಂಬ ಭಾವದಿಂದ. ಹೊಸ ಚಾಲಕನ ಪಕ್ಕದಲ್ಲಿ ಸಮವಯಸ್ಕರು ಕುಳಿತಷ್ಟೂ ಅಪಘಾತದ ಸಂಭವ ಏರುತ್ತದೆಂದು ಹಲವು ದೇಶಗಳ ಅಧ್ಯಯನಗಳು ಕಂಡುಕೊಂಡಿರುವುದಕ್ಕೂ ಇದೇ ಮೂಲ.

ಪಟ್ಟಿಯ ಕೊನೆಯಲ್ಲಿರುವ ಸ್ನೇಹ ಓದುಗರನ್ನು ಸ್ವಲ್ಪ ತಡೆದು ನಿಲ್ಲಿಸಬೇಕು. ಪ್ರೀತಿಯೂ ಪ್ರಮಾದವೇ? ಮೋಹದಿಂದ ವಿವೇಕ ಮಂಕಾದಾಗ ಹೌದು ಎನ್ನುತ್ತದೆ ಶಾಸ್ತ್ರ. ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ಬಂದರೆ ಸ್ಕೂಟರ್ ಕೊಡಿಸುವೆನೆಂದು ಮಾತು ಕೊಟ್ಟ ತಂದೆ, ‘ಇಲ್ಲೇ ದುರ್ಗಿಗುಡಿಗೆ ತಾನೆ, ಹೋಗಿ ಬಾ ಮಗಾ’ ಎಂದು ಕೀಲಿಕೈ ಕೊಡುವ ತಾಯಿ, ಮೊಮ್ಮಗ ಗಾಡಿ ಓಡಿಸುವುದನ್ನು ಬಾಗಿಲಲ್ಲಿ ನಿಂತು ನೋಡಿ ಹಿಗ್ಗುವ ಅಜ್ಜ, ಇವರಾರೂ ದುಷ್ಟರಲ್ಲ. ಸ್ನೇಹವೆಂಬ ಪ್ರಮಾದ ಇಂತಹ ಒಳ್ಳೆಯವರ ಮನೆಯಲ್ಲಿಯೇ ಇರುತ್ತದೆ.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳು ಬರುತ್ತವೆ. ಪ್ರಯೋಜನವಿಲ್ಲದೆ ಪಾಪಕ್ಕೆ ಎಡೆಮಾಡುವ ಕ್ರಿಯೆಗಳು ಅನರ್ಥದಂಡ. ಅವುಗಳಲ್ಲಿ ಒಂದು ಹಿಂಸಾದಾನ: ಕೊಡಲಿ, ಕತ್ತಿ, ಬೆಂಕಿ ಮೊದಲಾದ ಹಿಂಸೆಯ ಸಾಧನಗಳನ್ನು ಇತರರ ಕೈಗೆ ಕೊಡುವುದು. ಇನ್ನೊಂದು ಪ್ರಮಾದಚರ್ಯೆ, ಅದರಡಿಯಲ್ಲಿ ನೆಲ ಅಗೆಯುವುದು, ನೀರು ಚೆಲ್ಲುವುದರ ಜೊತೆಗೆ ಉದ್ದೇಶವಿಲ್ಲದೆ ತಿರುಗುವುದನ್ನೂ ಇತರರನ್ನು ತಿರುಗಿಸುವುದನ್ನೂ ಆಚಾರ್ಯರು ಸೇರಿಸಿದ್ದಾರೆ. ಎಂಜಿನ್ನಿನ ಕಲ್ಪನೆಯೂ ಇಲ್ಲದ ಕಾಲದ ಮಾತಿದು. ರಾತ್ರಿ ಹನ್ನೊಂದರ ಮೇಲೆ ಚಹಾ ಕುಡಿಯುವ ನೆಪದಲ್ಲಿ ಮೂವರು ಒಂದೇ ಬೈಕಿನಲ್ಲಿ ಶಿವಮೊಗ್ಗದಿಂದ ಭದ್ರಾವತಿಯತ್ತ ಹೊರಡುವುದಕ್ಕೆ ಇದಕ್ಕಿಂತ ಸರಿಯಾದ ಹೆಸರನ್ನು ಇಂದಿನ ಕಾನೂನೂ ಕೊಟ್ಟಿಲ್ಲ.

ಕೃತ, ಕಾರಿತ, ಅನುಮೋದಿತ ಎಂಬ ಮೂರು ದಾರಿಗಳಿಂದಲೂ ಆಸ್ರವ ಸಂಭವಿಸುತ್ತದೆಂಬುದು ಪ್ರತಿ ಜೈನ ಮನೆಯ ಮಗುವಿಗೂ ಗೊತ್ತು. ಜಪಮಾಲೆಯ 108 ಮಣಿಗಳ ಎಣಿಕೆಯಲ್ಲಿಯೂ ಈ ಮೂರು ಸೇರಿವೆ. ಓಡಿಸಿದವನದು ಕೃತ. ಕೀಲಿಕೈ ಕೊಟ್ಟವರದು ಕಾರಿತ. ಒಂದೇ ಚಕ್ರದ ಮೇಲೆ ಬೈಕನ್ನು ಓಡಿಸುವುದನ್ನು ಚಿತ್ರೀಕರಿಸಿ ಹಂಚಿದವರದು, ಅದನ್ನು ನೋಡಿ ಮೆಚ್ಚುಗೆಯ ಗುರುತು ಒತ್ತಿದವರದು ಅನುಮೋದಿತ. ಮೂರನೆಯ ಗುಂಪಿನಲ್ಲಿ ಎಷ್ಟು ಸಾವಿರ ಜನರಿದ್ದಾರೆಂದು ಎಣಿಸುವವರಿಲ್ಲ.

ದೇಶದ ಕಾನೂನು ತಡವಾಗಿಯಾದರೂ ಕಾರಿತದ ಹೊಣೆಯನ್ನು ಗುರುತಿಸಿತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 199ಎ ಕಲಮಿನ ಪ್ರಕಾರ, ಅಪ್ರಾಪ್ತ ವಯಸ್ಕರು ವಾಹನ ಓಡಿಸಿ ಅಪರಾಧ ಎಸಗಿದರೆ ಪೋಷಕರು ಅಥವಾ ವಾಹನದ ಮಾಲೀಕರೇ ತಪ್ಪಿತಸ್ಥರು. ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ, ಹನ್ನೆರಡು ತಿಂಗಳು ವಾಹನದ ನೋಂದಣಿ ರದ್ದು; ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಶಿವಮೊಗ್ಗ ಜಿಲ್ಲೆಯ ನ್ಯಾಯಾಲಯಗಳು ಈ ಕಲಮಿನಡಿ ತಂದೆ ತಾಯಿಯರಿಗೆ 25,000 ರೂಪಾಯಿ ದಂಡ ವಿಧಿಸಿದ ಸುದ್ದಿಗಳು ಇತ್ತೀಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಪತ್ರಿಕೆಗಳಲ್ಲಿ ಬಂದಿವೆ. ಹದಿನಾರು ತುಂಬಿದವರು 50 ಸಿಸಿ ಮೀರದ ದ್ವಿಚಕ್ರ ವಾಹನವನ್ನು ಲೈಸೆನ್ಸ್ ಪಡೆದು ಓಡಿಸಬಹುದೆಂಬ ಅವಕಾಶವನ್ನು ಕೆಲವರು ನೆನಪಿಸುತ್ತಾರೆ. ಆದರೆ ಮನೆ ಮುಂದೆ ನಿಂತಿರುವ ಸ್ಕೂಟರುಗಳು ನೂರು ನೂರಿಪ್ಪತ್ತೈದು ಸಿಸಿಯವು. ದಂಡ ತೆತ್ತವರ ಬಗ್ಗೆ ಬಡಪಾಯಿಗಳು ಎಂದು ಮರುಗುವುದುಂಟು. ಮರುಗಬೇಕಾದುದೇ. ಆದರೂ ಆ ತಂದೆ ನ್ಯಾಯಾಲಯದಿಂದ ಮನೆಗೆ ಹೋದಾಗ ಬಾಗಿಲು ತೆರೆಯಲು ಮಗನಿದ್ದಾನೆ.

ಹೀಗೆ ಹೇಳುವಾಗ ಮಲೆನಾಡಿನ ಬದುಕಿನ ಕಷ್ಟವನ್ನು ಮರೆಯಬಾರದು. ಶ್ರಾವಕನಿಗೆ ಸಂಕಲ್ಪೀ ಹಿಂಸೆಯ ತ್ಯಾಗ ವಿಹಿತ; ಜೀವನೋಪಾಯಕ್ಕೆ ಅನಿವಾರ್ಯವಾದ ಉದ್ಯಮೀ ಹಿಂಸೆಯಲ್ಲಿ ಅವನು ಯತ್ನಾಚಾರದಿಂದ, ಅಂದರೆ ಎಚ್ಚರದ ನಡವಳಿಕೆಯಿಂದ, ನಡೆದುಕೊಳ್ಳಬೇಕು. ಬೆಳಗಿನ ಜಾವ ಡೇರಿಗೆ ಹಾಲು ಹಾಕಿ, ಬಸ್ಸೇ ಬಾರದ ಊರಿನಿಂದ ಕಾಲೇಜಿಗೆ ಹೋಗಬೇಕಾದ ಹುಡುಗನಿಗೂ, ಸಕ್ರೆಬೈಲಿನ ದಾರಿಯಲ್ಲಿ ಪಂದ್ಯ ಕಟ್ಟುವ ಹುಡುಗನಿಗೂ ಒಂದೇ ಉಪದೇಶ ಮಾಡುವುದು ಅನ್ಯಾಯ. ಮೊದಲನೆಯವನಿಗೆ ಬೇಕಾದುದು ಒಂದು ಬಸ್ಸು. ಅದನ್ನು ಕೊಡಬೇಕಾದವರು ಬೇರೆ. ಆದರೆ ಶಿವಮೊಗ್ಗ ಭದ್ರಾವತಿಗಳ ನಡುವೆ ದಿನವಿಡೀ ಬಸ್ಸುಗಳಿವೆ, ರೈಲುಗಳೂ ಇವೆ. ಆ ದಾರಿಯಲ್ಲಿ ಹದಿನಾರರ ಮಕ್ಕಳಿಗೆ ಗಾಡಿ ಕೊಡುವುದನ್ನು ಅನಿವಾರ್ಯವೆನ್ನಲು ಕಾರಣ ಸಿಗದು.

ಹೊಸ ಬೈಕಿಗೆ ಪೂಜೆ ಮಾಡಿಸಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಹೊಂಬುಜದ ಪದ್ಮಾವತಿ ಅಮ್ಮನವರ ದರ್ಶನಕ್ಕೆ ಅದೇ ಬೈಕಿನಲ್ಲಿ ಹೊರಡುವ ತರುಣರಿದ್ದಾರೆ. ಆಯನೂರು, ರಿಪ್ಪನ್‌ಪೇಟೆಗಳ ಮೂಲಕ ಹೋಗುವ ಆ ದಾರಿ ಭಕ್ತಿಯ ದಾರಿಯೇ. ಹೂವು ಹಣ್ಣುಗಳಿಗೆ ಮುನ್ನೂರು ನಾನೂರು ರೂಪಾಯಿ ಖರ್ಚು ಮಾಡಿದವರು ಹಿಂದೆ ಕೂರುವ ತಂಗಿಗೆ ಹೆಲ್ಮೆಟ್ ಕೊಳ್ಳುವುದನ್ನು ಮಾತ್ರ ಮುಂದಿನ ತಿಂಗಳಿಗೆ ಹಾಕುತ್ತಾರೆ. ಶಾಸನದೇವತೆಯ ಮೇಲಿನ ಭಕ್ತಿ ಚಾಲಕನ ಪ್ರಮಾದದಿಂದ ಆಗುವ ಆಸ್ರವವನ್ನು ತಡೆಯುತ್ತದೆಂದು ಯಾವ ಆಚಾರ್ಯರೂ ಹೇಳಿಲ್ಲ.

ಹಾಗಾದರೆ ಮನೆಗಳಲ್ಲಿ ಏನು ಮಾಡಬಹುದು? ಜೈನ ಗೃಹಸ್ಥನಿಗೆ ಇದಕ್ಕೆ ಹೊಸ ನಿಯಮ ಹುಡುಕುವ ಅಗತ್ಯವಿಲ್ಲ. ದಿಗ್ವ್ರತ, ದೇಶವ್ರತಗಳು ಇವೆ. ದಿಗ್ವ್ರತ ಜೀವನಪರ್ಯಂತದ ಎಲ್ಲೆ. ದೇಶವ್ರತ ಅದರೊಳಗೆ ಇಷ್ಟು ದಿನ, ಇಷ್ಟು ತಿಂಗಳು ಎಂದು ಹಾಕಿಕೊಳ್ಳುವ ಕಿರಿಯ ಎಲ್ಲೆ: ಈ ಮನೆ, ಈ ಬೀದಿ, ಈ ಹೊಳೆ, ಈ ಕಾಡಿನವರೆಗೆ ಮಾತ್ರ ಎಂಬಂತೆ. ಲೈಸೆನ್ಸ್ ಬಂದ ಹೊಸದರಲ್ಲಿ ತುಂಗಾ ಸೇತುವೆಯನ್ನು ದಾಟುವುದಿಲ್ಲ, ಭದ್ರಾವತಿಯವರಾದರೆ ಹೆದ್ದಾರಿಗೆ ಇಳಿಯುವುದಿಲ್ಲ ಎಂದು ಮೊದಲ ಮೂರು ತಿಂಗಳು. ಸೂರ್ಯಾಸ್ತದ ಮೇಲೆ ಓಡಿಸುವುದಿಲ್ಲ ಎಂದು ಆರು ತಿಂಗಳು. ಗೆಳೆಯರನ್ನು ಹಿಂದೆ ಕೂರಿಸುವುದಿಲ್ಲ ಎಂದು ಒಂದು ವರ್ಷ. ಇದನ್ನು ತಂದೆಯ ಗದರಿಕೆಯಾಗಿ ಹೇರಿದರೆ ಮುರಿಯುತ್ತದೆ. ಬಸದಿಯಲ್ಲಿ ಮಗನೋ ಮಗಳೋ ತಾನಾಗಿ ಕೈಮುಗಿದು ಸ್ವೀಕರಿಸಿದರೆ ಮುರಿಯುವುದು ಅಷ್ಟು ಸುಲಭವಲ್ಲ. ವ್ರತಕ್ಕೂ ನಿಷೇಧಕ್ಕೂ ಇರುವ ವ್ಯತ್ಯಾಸ ಇಷ್ಟೇ.

ನ್ಯೂಜಿಲೆಂಡ್ 1987ರಲ್ಲಿ ಜಾರಿಗೆ ತಂದ ಹಂತ ಹಂತದ ಲೈಸೆನ್ಸ್ ಪದ್ಧತಿಗೆ ಈ ಎಲ್ಲೆಗಳೊಂದಿಗೆ ಆಶ್ಚರ್ಯಕರವಾದ ಹೋಲಿಕೆಯಿದೆ. ಅಲ್ಲಿ ಎರಡನೆಯ ಹಂತದ ಚಾಲಕರು ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಒಬ್ಬರೇ ಓಡಿಸುವಂತಿಲ್ಲ, ಅನುಭವಿಯೊಬ್ಬರು ಪಕ್ಕದಲ್ಲಿಲ್ಲದೆ ಗೆಳೆಯರನ್ನು ಕೂರಿಸಿಕೊಳ್ಳುವಂತಿಲ್ಲ. ಆಮೇಲೆ ಅನೇಕ ದೇಶಗಳು ಇಂತಹುದೇ ಕ್ರಮವನ್ನು ಅನುಸರಿಸಿದವು. ಭಾರತದಲ್ಲಿ ಕಲಿಕಾ ಲೈಸೆನ್ಸಿನ ಮೂವತ್ತು ದಿನ ಕಳೆದರೆ ಪೂರ್ಣ ಲೈಸೆನ್ಸಿಗೆ ಅರ್ಜಿ ಹಾಕಬಹುದು; ಅದು ಸಿಕ್ಕ ದಿನವೇ ಮಧ್ಯರಾತ್ರಿಯ ಹೆದ್ದಾರಿಯೂ ತೆರೆದುಕೊಳ್ಳುತ್ತದೆ. ಕಾನೂನು ಬಿಟ್ಟ ಈ ತೆರಪನ್ನು ತುಂಬಲು ಮನೆಯ ವ್ರತವೊಂದೇ ಸದ್ಯಕ್ಕಿರುವ ದಾರಿ.

ಮಳೆಗಾಲದ ಮಾತು ಬೇರೆ. ಚಾತುರ್ಮಾಸದಲ್ಲಿ ಮುನಿಗಳು ವಿಹಾರ ನಿಲ್ಲಿಸಿ ಒಂದೆಡೆ ನೆಲೆಸುವುದು ನೆಲದ ಮೇಲೆ ಜೀವರಾಶಿ ಹೆಚ್ಚುವುದರಿಂದ. ಆ ತಿಂಗಳುಗಳಲ್ಲಿ ರಾತ್ರಿ ಮಲೆನಾಡಿನ ರಸ್ತೆಗೆ ಬರುವ ಕಪ್ಪೆಗಳೂ ಹಾವುಗಳೂ ಚಕ್ರಕ್ಕೆ ಸಿಕ್ಕಿ ನೆಲಕ್ಕಂಟಿರುವುದನ್ನು ಬೆಳಿಗ್ಗೆ ನೋಡಬಹುದು. ಕಿರಿಯ ಜೀವಿಗಳು ಕಾಣದೆಂದು ರಾತ್ರಿ ಊಟವನ್ನೇ ಬಿಟ್ಟ ಪರಂಪರೆ ಇದು. ಒದ್ದೆ ರಸ್ತೆ, ಎದುರಿನ ದೀಪದ ಕೋರೈಸುವಿಕೆ, ಹೊಸ ಕೈ, ಈ ಮೂರೂ ಸೇರಿದ ಕಡೆ ಕಪ್ಪೆಗೆ ಇರುವ ಅಪಾಯ ಸವಾರನಿಗೂ ಇದೆ. ಮುನಿಗಳು ನಿಂತ ನಾಲ್ಕು ತಿಂಗಳು ಮನೆಯ ಹೊಸ ಚಾಲಕ ರಾತ್ರಿಯ ಸಂಚಾರವನ್ನಾದರೂ ನಿಲ್ಲಿಸುವುದು ಕಠಿಣ ತಪಸ್ಸೇನೂ ಅಲ್ಲ.

ಕಲಿಸುವುದೂ ದಾನವೇ. ನಾಲ್ಕು ದಾನಗಳಲ್ಲಿ ಜ್ಞಾನದಾನವನ್ನು ಪುಸ್ತಕಕ್ಕೆ ಮಾತ್ರ ಸೀಮಿತಗೊಳಿಸಬೇಕಾಗಿಲ್ಲ. ಮೂವತ್ತು ವರ್ಷ ಹೆದ್ದಾರಿಯಲ್ಲಿ ಒಂದು ಗೀರೂ ಬೀಳದಂತೆ ಓಡಿಸಿದ ಚಿಕ್ಕಪ್ಪನೋ ಮಾವನೋ ಪ್ರತಿ ಮನೆತನದಲ್ಲಿ ಒಬ್ಬರಿರುತ್ತಾರೆ. ಭಾನುವಾರ ಬೆಳಿಗ್ಗೆ ಅಂತಹವರು ಹಿಂದೆ ಕುಳಿತು ಹುಡುಗನನ್ನು ನಿದಿಗೆಯವರೆಗೆ ಕರೆದೊಯ್ದು, ದಾರಿಯುದ್ದಕ್ಕೂ ‘ಈಗ ಏನು ಕಂಡೆ? ಆ ಬಸ್ಸು ಮುಂದೆ ಏನು ಮಾಡೀತು?’ ಎಂದು ಕೇಳುತ್ತ ಹೋದರೆ, ಚಾಲನಾ ಶಾಲೆ ಕಲಿಸದಿರುವುದನ್ನು ಹತ್ತು ವಾರಗಳಲ್ಲಿ ಕಲಿಸಬಹುದು.

ಸಾಮಾಯಿಕಕ್ಕೆ ಕೂರುವ ಮೊದಲು ಶ್ರಾವಕರು ಈರ್ಯಾಪಥದ ಆಲೋಚನೆಯನ್ನು ಹೇಳುತ್ತಾರೆ. ಬರುವಾಗ ಹೋಗುವಾಗ ದಾರಿಯಲ್ಲಿ ತನ್ನಿಂದ ಯಾವ ಯಾವ ಜೀವಕ್ಕೆ ನೋವಾಯಿತೆಂದು ನೆನೆದು ಕ್ಷಮೆ ಬೇಡುವ ಪಾಠ ಅದು. ಬಾಯಿಪಾಠವಾಗಿ ಹೇಳಿ ಮುಗಿಸುವವರೇ ಹೆಚ್ಚು. ಮನೆಯಲ್ಲಿ ಹೊಸ ಚಾಲಕರಿದ್ದರೆ ಸಂಜೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಆ ಪಾಠವನ್ನು ಕನ್ನಡದಲ್ಲಿಯೇ, ಅಂದಿನ ದಾರಿಯನ್ನೇ ಹಿಡಿದು ಹೇಳಬಹುದು: ಮಾಚೇನಹಳ್ಳಿಯ ಹತ್ತಿರ ಯಾರನ್ನು ಹೆದರಿಸಿದೆ, ಯಾವ ತಿರುವಿನಲ್ಲಿ ಬ್ರೇಕ್ ತಡವಾಯಿತು, ಯಾವ ನಾಯಿ ಸ್ವಲ್ಪದರಲ್ಲಿ ತಪ್ಪಿಸಿಕೊಂಡಿತು. ಮೊದಲ ದಿನ ಮಗ ‘ಏನೂ ಇಲ್ಲ’ ಎನ್ನುತ್ತಾನೆ. ತಂದೆ ತನ್ನ ಅಂದಿನ ದಾರಿಯನ್ನು ಮೊದಲು ಹೇಳಿಕೊಂಡರೆ, ಎರಡನೆಯ ವಾರದಲ್ಲಿ ಅವನೂ ಹೇಳತೊಡಗುತ್ತಾನೆ.